ಹೊನ್ನೂರೂ ಪಗೋಡವೂ

ಊರುಗಳ ಹೆಸರನ್ನು ನಾವೆಲ್ಲರೂ ದಿನವೂ ಉಚ್ಚರಿಸುವೆವು. ಆದರೆ ಆ ಹೆಸರು ಏನನ್ನು ಹೇಳುತ್ತಿರುವುದೆಂದು ನಿಂತು ಕೇಳುವವರು ವಿರಳ. ಹಾಗೆಯೇ ಇಂಗ್ಲಿಷು ಕಲಿಯುವ ಮಕ್ಕಳು ದಿನಕ್ಕೆ ಹತ್ತಾರು ಶಬ್ದಗಳಿಗೆ ಅರ್ಥವನ್ನು ಬಾಯಿಪಾಠ ಮಾಡುವರು. ಆ ಶಬ್ದವು ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು, ಯಾವ ಹಾದಿಯಿಂದ ಇಂಗ್ಲಿಷರ ನಿಘಂಟನ್ನು ಸೇರಿತು ಎಂಬ ಯೋಚನೆ ಅವರಿಗಾಗಲಿ ಅವರ ಪೋಷಕರಿಗಾಗಲಿ ಸಾಮಾನ್ಯವಾಗಿ ಬರುವುದಿಲ್ಲ. ಈ ಲೇಖನದಲ್ಲಿ ಒಂದು ಊರನ್ನೂ ಒಂದು ಶಬ್ದವನ್ನೂ ಜತೆಗೂಡಿಸಿ ವಾಚಕರ ಮುಂದಿಡಲು ಯತ್ನಿಸುವೆವು. ಊರು, ಯಳಂದೂರು ತಾಲ್ಲೂಕಿನ ಹೊನ್ನೂರು. ಶಬ್ದ, ‘ಪಗೋಡ’.

ಪಗೋಡವೆಂದರೇನೆಂದು ಶಾಲೆಯ ಹುಡುಗನನ್ನು ಕೇಳಿದರೆ, ಬರ್ಮಾ ಚೀನಾ ಮೊದಲಾದ ದೇಶಗಳಲ್ಲಿ ಕಾಣಬರುವ, ನೆಲೆಯ ಮೇಲೆ ನೆಲೆಯಾಗಿ ಏರಿದ ಬೌದ್ಧ ದೇವಾಲಯವೆಂದು ಥಟ್ಟನೆ ಹೇಳುವನು. ಆ ಉತ್ತರ ತಪ್ಪಲ್ಲ. ಆದರೆ ಅದು ಅರ್ಧ ಉತ್ತರ. ಇನ್ನೂರು ವರ್ಷಗಳಿಗೂ ಮಿಕ್ಕಿದ ಕಾಲ ಇಂಗ್ಲಿಷರ ಬಾಯಲ್ಲಿ ಈ ಶಬ್ದವು ನಮ್ಮ ದಕ್ಷಿಣ ದೇಶದ ಒಂದು ಚಿನ್ನದ ನಾಣ್ಯದ ಹೆಸರಾಗಿತ್ತು. ಆ ನಾಣ್ಯವನ್ನು ನಮ್ಮವರು ವರಹವೆಂದೂ ಹೊನ್ನೆಂದೂ ಕರೆಯುತ್ತಿದ್ದರು. ಮಿಕ್ಕ ಅರ್ಧ ಉತ್ತರವನ್ನು ಹುಡುಕಲು ಬರ್ಮಾ ದೇಶಕ್ಕೆ ಹೋಗಬೇಕಾದ್ದಿಲ್ಲ. ಯಳಂದೂರಿನ ಸೀಮೆಗೆ ಹೋದರೆ ಸಾಕು.

ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ಹೊರಟು ಸಂತೇಮರಹಳ್ಳಿಯನ್ನು ಮುಟ್ಟಿದರೆ, ಅಲ್ಲಿಂದ ಒಂದು ದಾರಿ ಚಾಮರಾಜನಗರಕ್ಕೂ ಇನ್ನೊಂದು ಯಳಂದೂರು ಕೊಳ್ಳೇಗಾಲಗಳ ಕಡೆಗೂ ಹೋಗುವುದು. ಈ ಎರಡನೆಯ ದಾರಿಯನ್ನು ಹಿಡಿದೆವೆಂದರೆ ಬಿಳಿಗಿರಿರಂಗನ ಬೆಟ್ಟದ ಸಾಲು ನಮ್ಮ ಜತೆಯಲ್ಲಿಯೇ ನಡೆದು ಬರುತ್ತಿರುವಂತೆ ತೋರುವುದು. ಬೆಳಗಿನ ಹೊತ್ತು ಅದರ ನೆತ್ತಿಯ ಮೇಲೆ ಮಂಜು ಕವಿದಿರುವುದು; ಹೊತ್ತೇರಿದಂತೆ ನೀಲಿಯಾಗಿ, ಸಂಜೆಗೆ ಕಪ್ಪಾಗಿ ಕಾಣುವುದು. ಬೆಟ್ಟದ ಬುಡದಿಂದ ಈಚೆಗೆ ಬಯಲು. ನೀರು ಸಿಕ್ಕಿದ ಕಡೆ ಬತ್ತ, ಕಬ್ಬು, ಬಾಳೆ, ತೆಂಗು; ನೀರು ಸಿಕ್ಕದ ಕಡೆ ರಾಗಿ, ಹುರುಳಿ, ಮಳೆಗಾಗಿ ಮುಗಿಲನ್ನು ನೋಡುವ ಹೊಲಗಳು. ಈ ಬಯಲಿನ ಊರುಗಳಲ್ಲೊಂದು ಹೊನ್ನೂರು. ಹೆಸರಿನಲ್ಲಿರುವ ಚಿನ್ನವನ್ನು ಬೀದಿಯಲ್ಲಿ ಹುಡುಕಿಕೊಂಡು ಹೋದವನಿಗೆ ಅಲ್ಲಿ ಕಾಣುವುದು, ಒಕ್ಕಲುತನವನ್ನು ನಂಬಿದ ಇತರ ಗ್ರಾಮಗಳಲ್ಲಿ ಕಾಣುವುದೇ ಆಗಿರುವುದು: ಎತ್ತು, ಗಾಡಿ, ಕಣ, ದೇವಸ್ಥಾನ, ಜಗುಲಿಯ ಮೇಲೆ ಕುಳಿತು ಬಂದವರನ್ನು ಯಾವೂರೆಂದು ವಿಚಾರಿಸುವ ಹಿರಿಯರು.

ಆದರೆ ಈ ಸೀಮೆಯಲ್ಲಿ ಹೊನ್ನು ಊರಿನ ಹೆಸರಿನಲ್ಲಿ ಮಾತ್ರವೇ ಇರುವುದೆಂದು ಭಾವಿಸತಕ್ಕದ್ದಲ್ಲ. ಯಳಂದೂರಿನ ಮಗ್ಗುಲಲ್ಲಿ ಹರಿದು ಕಾವೇರಿಯನ್ನು ಸೇರುವ ನದಿಗೆ ಸುವರ್ಣಾವತಿಯೆಂದು ಸಂಸ್ಕೃತದ ಹೆಸರು. ಜನರ ಮಾತಿನಲ್ಲಿ ಅದು ಹೊನ್ನುಹೊಳೆ. ಹೊಳೆಗೆ ಹೊನ್ನು, ಊರಿಗೆ ಹೊನ್ನು. ಇದೇ ಯಳಂದೂರಿನಲ್ಲಿ ಹುಟ್ಟಿ ಮೈಸೂರರಸರ ಅರಮನೆಯನ್ನು ಸೇರಿ, ರಾಣಿಯ ಸಂಚಿಯ ಊಳಿಗದಲ್ಲಿದ್ದುಕೊಂಡೇ ಕವಯಿತ್ರಿಯಾದ ‘ಹದಿಬದೆಯ ಧರ್ಮ’ದ ಕರ್ತೃವಿನ ಹೆಸರು ಹೊನ್ನಮ್ಮ. ಹೆಣ್ಣು ಕೀಳು ಗಂಡು ಮೇಲೆಂದು ಬೀಳುಗಳೆಯುವವರನ್ನು ಮುನ್ನೂರು ವರ್ಷಗಳ ಹಿಂದೆಯೇ ಮುಖಕ್ಕೆ ಹೊಡೆದಂತೆ ಪ್ರಶ್ನಿಸಿದ ಆಕೆಯ ಹೆಸರಿನಲ್ಲಿಯೂ ಈ ನೆಲದ ಹೊನ್ನು ಸೇರಿಕೊಂಡಿರುವುದು ಸೊಗಸಾದ ಸಂಗತಿ.

ಇನ್ನು ‘ಹೊನ್ನು’ ಎಂಬ ಶಬ್ದವನ್ನೇ ಸ್ವಲ್ಪ ವಿಚಾರಿಸೋಣ. ಹಳಗನ್ನಡದಲ್ಲಿ ಇದು ‘ಪೊನ್’. ತಮಿಳಿನಲ್ಲಿ ಇಂದಿಗೂ ‘ಪೊನ್’ ಎಂದೇ ಇರುವುದು. ಹಳಗನ್ನಡದಲ್ಲಿ ಪಕಾರದಿಂದ ಮೊದಲಾಗುತ್ತಿದ್ದ ನೂರಾರು ಮಾತುಗಳು ಕಾಲಕ್ರಮದಲ್ಲಿ ಹಕಾರವನ್ನು ತಳೆದುವು. ಪಾಲು ಹಾಲಾಯಿತು, ಪೂವು ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪೊನ್ ಹೊನ್ನಾಯಿತು. ಯಳಂದೂರಿನ ಸುತ್ತಣ ಪ್ರದೇಶವನ್ನು ಹಿಂದೆ ಪದಿನಾಡೆಂದು ಕರೆಯುತ್ತಿದ್ದರು. ಅದು ಹದಿನಾಡಾದದ್ದೂ ಈ ನಿಯಮದಂತೆಯೇ. ಪಣವು ಹಣವಾದದ್ದೂ ಹೀಗೆಯೇ. ಈ ಹಣದ ವಿಷಯ ಮುಂದೆ ಬರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟಿರಬೇಕು.

ಹೊನ್ನೆಂದರೆ ಮೊದಲು ಚಿನ್ನ. ಬಳಿಕ ಚಿನ್ನದಂತೆ ಒಳ್ಳೆಯದಾದದ್ದೆಲ್ಲವೂ ಹೊನ್ನು. ಅಡಿಕೆಯ ಎಳೆಯ ಗೊನೆ ಹೊಂಬಾಳೆ. ಬೆಳಗಿನ ಬಿಸಿಲು ಹೊಂಬಿಸಿಲು. ಯುಗಾದಿಯ ಕಾಲದಲ್ಲಿ ಒಕ್ಕಲಮಕ್ಕಳು ನೇಗಿಲಿಗೂ ನೊಗಕ್ಕೂ ಪೂಜೆ ಮಾಡಿ, ಎತ್ತುಗಳನ್ನು ಸಿಂಗರಿಸಿ, ವರ್ಷದ ಮೊದಲ ಉಳುಮೆಯನ್ನು ಹೂಡುವುದು ಹೊನ್ನಾರು. ಚಿನ್ನವನ್ನು ಕಂಡರಿಯದವನ ಹೊಲದಲ್ಲಿಯೂ ವರ್ಷಕ್ಕೊಂದು ದಿನ ಹೊನ್ನಿನ ಆರು ಹೂಡುವುದೆಂಬುದು ನಮ್ಮ ಮಾತಿನ ಔದಾರ್ಯ. ಮೂರನೆಯದಾಗಿ, ಹೊನ್ನೆಂದರೆ ಚಿನ್ನದ ನಾಣ್ಯ. ನಮ್ಮ ಶಾಸನಗಳಲ್ಲಿ ಇಷ್ಟು ಪೊನ್ನು, ಇಷ್ಟು ಗದ್ಯಾಣ, ಇಷ್ಟು ಪಣವೆಂದು ದಾನದ ಲೆಕ್ಕ ಬರುವುದನ್ನು ಓದಿದವರು ಬಲ್ಲರು. ಪಣಕ್ಕೆ ಕೆಳಗೆ ಅದರ ಕಾಲುಭಾಗ ಹಾಗ, ಹದಿನಾರರಲ್ಲೊಂದು ಭಾಗ ವೀಸ. ದೇವರ ದೀಪಕ್ಕೆ ಎಣ್ಣೆಯಿಂದ ಮೊದಲುಗೊಂಡು ಕೆರೆಯ ಕಟ್ಟೆಯ ಕೆಲಸದವರೆಗೆ ಎಲ್ಲವೂ ಈ ಲೆಕ್ಕದಲ್ಲಿಯೇ ನಡೆಯುತ್ತಿತ್ತು.

ಈ ಹೊನ್ನು ಕನ್ನಡನಾಡಿನ ಗಡಿಯೊಳಗೇ ನಿಲ್ಲಲಿಲ್ಲ. ದಖ್ಖನಿನ ಮುಸಲ್ಮಾನ ಚರಿತ್ರಕಾರರು ದಕ್ಷಿಣದ ಚಿನ್ನದ ನಾಣ್ಯವನ್ನು ‘ಹೂನ್’ ಎಂದು ಬರೆದರು. ಮರಾಠಿಯಲ್ಲಿ ಅದು ‘ಹೋನ್’ ಆಯಿತು. ೧೬೭೪ರಲ್ಲಿ ಪಟ್ಟಾಭಿಷಿಕ್ತನಾದ ಶಿವಾಜಿ ಮಹಾರಾಜನು ಅಚ್ಚು ಹಾಕಿಸಿದ ಚಿನ್ನದ ನಾಣ್ಯಕ್ಕೆ ಶಿವರಾಯಿ ಹೋನ್ ಎಂದೇ ಹೆಸರು. ಇಂಗ್ಲಿಷರೂ ಇದನ್ನು ‘ಹೂನ್’ ಎಂದು ತಮ್ಮ ಕಾಗದಪತ್ರಗಳಲ್ಲಿ ಬರೆದುಕೊಂಡರು. ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಎಂಬ ಇಬ್ಬರು ವಿದ್ವಾಂಸರು ೧೮೮೬ರಲ್ಲಿ ಪ್ರಕಟಿಸಿದ, ಇಂಡಿಯಾ ದೇಶದಿಂದ ಇಂಗ್ಲಿಷನ್ನು ಸೇರಿದ ಮಾತುಗಳ ದೊಡ್ಡ ಕೋಶವಾದ ‘ಹಾಬ್ಸನ್ ಜಾಬ್ಸನ್’ ಎಂಬ ಗ್ರಂಥದಲ್ಲಿ ಈ ಹೂನಿಗೆ ಪ್ರತ್ಯೇಕ ಸ್ಥಾನವಿದ್ದು, ಅದರ ಮೂಲವಾಗಿ ನಮ್ಮ ಹೊನ್ನನ್ನು ಹೇಳಿರುವರು. ಹೀಗಿದ್ದರೂ ಇಂಗ್ಲಿಷರ ನಾಲಗೆಗೆ ಹೆಚ್ಚು ಒಗ್ಗಿದ ಹೆಸರು ಹೂನ್ ಅಲ್ಲ, ಪಗೋಡ.

ಒಂದು ಚಿನ್ನದ ಬಿಲ್ಲೆಗೆ ದೇವಾಲಯದ ಹೆಸರು ಹೇಗೆ ಬಂದಿತು? ಇದನ್ನು ತಿಳಿಯಬೇಕಾದರೆ ಆ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ವಿಜಯನಗರದ ವರಹವು ತೂಕದಲ್ಲಿ ಮೂರೂವರೆ ಗ್ರಾಮಿಗಿಂತ ಸ್ವಲ್ಪ ಕಡಮೆ. ಅಗಲದಲ್ಲಿ ಬೆರಳಿನ ಉಗುರಿನಷ್ಟು. ಅಷ್ಟು ಕಿರಿದಾದ ಬಿಲ್ಲೆಯ ಮೇಲೆ ಒಂದೊಂದು ಅರಸಿನ ಕಾಲದಲ್ಲಿ ಒಂದೊಂದು ದೇವತೆ. ಹರಿಹರ ಬುಕ್ಕರ ನಾಣ್ಯಗಳಲ್ಲಿ ಹನುಮಂತನುಂಟು, ಗರುಡನುಂಟು, ಮುಂದೆ ಉಮಾಮಹೇಶ್ವರರು, ಲಕ್ಷ್ಮೀನಾರಾಯಣರು, ಕೃಷ್ಣದೇವರಾಯನ ನಾಣ್ಯದಲ್ಲಿ ಬಾಲಕೃಷ್ಣ, ಅಚ್ಯುತರಾಯನದರಲ್ಲಿ ಗಂಡಭೇರುಂಡ. ವರಹವೆಂಬ ಹೆಸರು ಇನ್ನೂ ಹಿಂದಿನದು. ಚಾಲುಕ್ಯರ ಲಾಂಛನವಾದ ವರಾಹಮೂರ್ತಿಯ ಮುದ್ರೆಯಿಂದ ಅದು ಬಂದಿತು. ಬಿಲ್ಲೆಯ ಮೇಲಿನ ವರಾಹ ಹೋದರೂ ಹೆಸರಿನ ವರಹ ಉಳಿಯಿತು. ಕೆಳದಿಯ ನಾಯಕರ ಇಕ್ಕೇರಿ ವರಹದ ಮೇಲೆ ಶಿವಪಾರ್ವತಿಯರು. ಆ ರಾಜ್ಯವನ್ನು ಗೆದ್ದ ಹೈದರಾಲಿಯು ಶಿವಪಾರ್ವತಿಯರನ್ನು ತೆಗೆಯಲಿಲ್ಲ; ಮುಂಬದಿಯಲ್ಲಿ ಅವರನ್ನು ಹಾಗೆಯೇ ಬಿಟ್ಟು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಒತ್ತಿಸಿದನು. ಜನರು ನಂಬಿದ ಮುಖವನ್ನು ಬದಲಾಯಿಸಿದರೆ ನಾಣ್ಯದ ಮೇಲಿನ ನಂಬಿಕೆಯೇ ಕೆಡುವುದೆಂಬುದನ್ನು ಆ ಚತುರನು ಅರಿತಿದ್ದನು.

೧೪೯೮ರಲ್ಲಿ ಮಲೆಯಾಳದ ಕರಾವಳಿಗೆ ಬಂದು, ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ದೇಶದ ದೇವಾಲಯವನ್ನು ‘ಪಗೋಡೆ’ ಎಂದು ಕರೆದರು. ದೇವಾಲಯದೊಳಗಣ ವಿಗ್ರಹವನ್ನೂ ಪಗೋಡೆ ಎಂದರು. ವಿಗ್ರಹದ ಬಿಂಬವಿದ್ದ ವರಹವನ್ನೂ ಪಗೋಡೆ ಎಂದರು. ಗುಡಿ, ದೇವರು, ಹಣ, ಈ ಮೂರಕ್ಕೂ ಒಂದೇ ಮಾತು! ಹದಿನಾರನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲಿಷರು ಈ ಮಾತನ್ನು ಎರವಲು ಪಡೆದು, ತಮ್ಮ ಉಚ್ಚಾರಣೆಗೆ ತಕ್ಕಂತೆ ಪಗೋಡ ಮಾಡಿಕೊಂಡರು.

ಪೋರ್ಚುಗೀಸರಿಗೆ ಈ ಮಾತು ಎಲ್ಲಿಂದ ಸಿಕ್ಕಿತೆಂಬ ವಿಷಯದಲ್ಲಿ ಪಂಡಿತರು ಹಲವು ಮತಗಳನ್ನು ಹೇಳುವರು. ಪಾರಸಿಯಲ್ಲಿ ‘ಬುತ್’ ಎಂದರೆ ವಿಗ್ರಹ, ‘ಕದಾ’ ಎಂದರೆ ಮನೆ. ಬುತ್ಕದಾ, ವಿಗ್ರಹದ ಮನೆ, ಎಂಬುದೇ ಪಗೋಡೆಯಾಯಿತೆಂದು ಒಂದು ಮತ. ‘ಭಗವತ್’ ‘ಭಗವತಿ’ ಎಂಬ ಸಂಸ್ಕೃತ ಶಬ್ದಗಳು ತೆಂಕಣ ಭಾಷೆಗಳ ಬಾಯಲ್ಲಿ ಪಕಾರವನ್ನು ತಳೆದು, ಅದರಿಂದ ಪಗೋಡೆ ಹುಟ್ಟಿತೆಂದು ಇನ್ನೊಂದು. ಸಿಂಹಳ ದ್ವೀಪದ ಬೌದ್ಧ ಸ್ತೂಪಗಳಿಗಿರುವ ‘ದಾಗಬ’, ಎಂದರೆ ಧಾತುಗರ್ಭ, ಎಂಬ ಹೆಸರಿನ ಅಕ್ಷರಗಳು ಹಿಂದುಮುಂದಾಗಿ ಪಗೋಡವಾಯಿತೆಂದು ಮೂರನೆಯದು. ಇವುಗಳಲ್ಲಿ ನಮಗೆ ಎರಡನೆಯದೇ ಹೆಚ್ಚು ಹಿಡಿಸುವುದು. ಏಕೆಂದರೆ ಪೋರ್ಚುಗೀಸರು ಮೊದಲು ಕಾಲಿಟ್ಟ ಕೇರಳದಲ್ಲಿ ಭಗವತಿಯ ಗುಡಿಯಿಲ್ಲದ ಊರು ಅಪೂರ್ವ. ಹೊಸಬನು ಊರಿಗೆ ಬಂದು, ಗುಡಿಯನ್ನು ಬೆರಳಿಟ್ಟು ತೋರಿಸಿ ಇದೇನೆಂದು ಕೇಳಿದರೆ ಅವನ ಕಿವಿಗೆ ಬೀಳುವುದು ದೇವಿಯ ಹೆಸರೇ. ದೇವರಿಗೂ ದೇವರ ಮನೆಗೂ ಒಂದೇ ಶಬ್ದವಾದದ್ದು ಏಕೆಂಬುದಕ್ಕೂ ಈ ಮತದಲ್ಲಿ ಸಮಾಧಾನ ದೊರೆಯುವುದು.

ಇನ್ನು ಇಂಗ್ಲಿಷರ ಲೆಕ್ಕಕ್ಕೆ ಬರೋಣ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕುಳಿತ ಈಸ್ಟ್ ಇಂಡಿಯಾ ಕಂಪೆನಿಯವರು ಈ ದೇಶದ ವ್ಯಾಪಾರವನ್ನು ಈ ದೇಶದ ನಾಣ್ಯದಿಂದಲೇ ನಡೆಯಿಸಬೇಕಾಯಿತು. ಅವರು ತಾವೇ ಪಗೋಡಗಳನ್ನು ಅಚ್ಚು ಹಾಕಿದರು. ಅವುಗಳಲ್ಲಿ ಹೆಸರಾದದ್ದು ಒಂದು ಕಡೆ ವಿಷ್ಣುವಿನ ಬಿಂಬವೂ ಇನ್ನೊಂದು ಕಡೆ ನಕ್ಷತ್ರವೂ ಇದ್ದ ನಕ್ಷತ್ರ ಪಗೋಡ. ಇಂಗ್ಲೆಂಡಿನಿಂದ ಬಂದ ವರ್ತಕರು ವಿಷ್ಣುವಿನ ಮುದ್ರೆಯನ್ನೊತ್ತಿ ಹಣ ಮಾಡಿದರೆಂಬುದು ಇಂದು ಕೇಳಿದರೆ ನಗೆ ಬರಬಹುದು. ಆದರೆ ಬೇರೆ ಮುದ್ರೆಯ ಚಿನ್ನವನ್ನು ಸಂತೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಕಂಪೆನಿಯ ಕೋಷ್ಟಕ ಹೀಗಿತ್ತು: ೮೦ ಕ್ಯಾಷಿಗೆ ಒಂದು ಫನಂ, ೪೨ ಫನಮಿಗೆ ಒಂದು ಪಗೋಡ.

ಇಲ್ಲಿ ಮೇಲೆ ಹೇಳಿದ ಹಣ ಮತ್ತೆ ಕಾಣಿಸಿಕೊಳ್ಳುವುದು. ಪಣವೆಂಬುದು ಕನ್ನಡದಲ್ಲಿ ಹಣವಾಯಿತಷ್ಟೆ. ಅರಬ್ಬೀ ಭಾಷೆಯಲ್ಲಿ ಪಕಾರವಿಲ್ಲ. ಕರಾವಳಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಅರಬ್ಬರು ಪಣಮನ್ನು ಫನಂ ಎಂದರು. ಆ ರೂಪವೇ ಯೂರೋಪಿನವರಿಗೂ ದಕ್ಕಿತು. ಹೀಗೆ ಒಂದೇ ತಾಯಿಯ ಮಕ್ಕಳಾದ ಹಣವೂ ಫನಮೂ ಬೇರೆಬೇರೆ ವೇಷ ಧರಿಸಿ, ಒಂದು ನಮ್ಮ ಮನೆಯಲ್ಲಿಯೂ ಒಂದು ಇಂಗ್ಲಿಷು ನಿಘಂಟಿನಲ್ಲಿಯೂ ಕುಳಿತಿರುವುವು. ಕ್ಯಾಷ್ ಎಂಬುದರ ಕಥೆ ಇನ್ನೂ ವಿನೋದವಾದದ್ದು. ಕೈಯಲ್ಲಿರುವ ರೊಕ್ಕವೆಂಬ ಅರ್ಥದ ಕ್ಯಾಷ್ ಎಂಬ ಶಬ್ದ ಯೂರೋಪಿನದೇ. ಪೆಟ್ಟಿಗೆಯೆಂಬ ಅರ್ಥದ ಶಬ್ದದಿಂದ ಬಂದದ್ದು. ಆದರೆ ಮದರಾಸಿನ ಕೋಷ್ಟಕದ ಕ್ಯಾಷ್ ನಮ್ಮ ಕಾಸು. ದನಿ ಒಂದೇ ಆದದ್ದರಿಂದ ಇಬ್ಬರು ಅಪರಿಚಿತರು ಒಂದೇ ಹೆಸರಿನಲ್ಲಿ ಬೆರೆತುಹೋದರು. ಕಾಸಿಗೆ ತಕ್ಕ ಕಜ್ಜಾಯವೆನ್ನುವ ನಮ್ಮ ಗೃಹಿಣಿಯರು ತಮಗೆ ತಿಳಿಯದೆಯೇ ಕಂಪೆನಿಯ ಕೋಷ್ಟಕದ ಮೊದಲ ಮೆಟ್ಟಿಲನ್ನು ನೆನೆಯುತ್ತಿರುವರು.

ಹಣವೆಂಬ ನಾಣ್ಯ ಎಷ್ಟು ಚಿಕ್ಕದೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ೧೬೩೮ರಿಂದ ೧೬೫೯ರವರೆಗೆ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ ಕಂಠೀರಾಯ ಹಣವು ಒಂದು ಗ್ರಾಮಿನ ಮೂರರಲ್ಲೊಂದು ಪಾಲಿನಷ್ಟು ಚಿನ್ನ. ಹೆಸರುಬೇಳೆಯಂತೆ ಬೆರಳ ಸಂದಿಯಿಂದ ಜಾರುವಂಥದು. ಆದರೂ ಅದರ ಮೇಲೆ ನರಸಿಂಹಮೂರ್ತಿಯುಂಟು, ಹಿಂಬದಿಯಲ್ಲಿ ಅರಸಿನ ಹೆಸರುಂಟು. ಇಂಥ ಹಣಗಳನ್ನು ಒಂದೊಂದಾಗಿ ಎಣಿಸುತ್ತ ಕುಳಿತರೆ ದಿನ ಸಾಲದು. ಆದಕಾರಣ ಸರಾಫರು ಸಣ್ಣ ಸಣ್ಣ ಗುಳಿಗಳನ್ನು ಕೊರೆದ ಮರದ ಹಲಗೆಯನ್ನಿಟ್ಟುಕೊಂಡಿರುತ್ತಿದ್ದರು. ಹಣದ ರಾಶಿಯಲ್ಲಿ ಹಲಗೆಯನ್ನು ಅದ್ದಿ ಅಲ್ಲಾಡಿಸಿದರೆ ಗುಳಿಗೊಂದರಂತೆ ಹಣಗಳು ಕುಳಿತುಕೊಳ್ಳುವುವು. ಗುಳಿಗಳೆಷ್ಟೋ ಹಣಗಳೂ ಅಷ್ಟೇ. ಕಂಠೀರಾಯ ಹಣ ಹತ್ತಾದರೆ ಲೆಕ್ಕದಲ್ಲಿ ಒಂದು ಕಂಠೀರಾಯ ವರಹ. ೧೮೦೦-೦೧ರಲ್ಲಿ ಈ ದೇಶವನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಊರೂರಿನ ಧಾನ್ಯದ ಬೆಲೆ, ಕೂಲಿ, ಕಂದಾಯಗಳನ್ನು ಬರೆದುಕೊಂಡದ್ದು ಈ ವರಹ ಹಣಗಳ ಲೆಕ್ಕದಲ್ಲಿಯೇ.

ಶಬ್ದದ ಕಥೆ ಇಲ್ಲಿಗೆ ಮುಗಿಯಿತೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ನಾಣ್ಯವೆಂಬುದು ಪಂಡಿತರ ಚರ್ಚೆಗಾಗಿ ಹುಟ್ಟಿದ್ದಲ್ಲ. ಅದು ಒಬ್ಬನ ಬೆವರಿನಿಂದ ಹೊರಟು ಇನ್ನೊಬ್ಬನ ಬೊಕ್ಕಸವನ್ನು ಸೇರುವ ವಸ್ತು. ಈ ಮಾತಿಗೆ ಯಳಂದೂರಿನ ಸೀಮೆಯೇ ಸಾಕ್ಷಿಯಾಗಿರುವುದು.

ಯಳಂದೂರಿಗೆ ಹೋದವರು ಗೌರೀಶ್ವರನ ದೇವಾಲಯವನ್ನು ನೋಡದೆ ಬರುವುದಿಲ್ಲ. ಅದರ ಮಹಾದ್ವಾರಕ್ಕೆ ಬಳೆಮಂಟಪವೆಂದು ಹೆಸರು. ಕಲ್ಲನ್ನು ಕಡೆದು, ಒಂದರೊಳಗೊಂದು ಕೋದ ಬಳೆಗಳ ಸರಪಣಿಯಂತೆ ಮಾಡಿ ಮೂಲೆಗಳಲ್ಲಿ ಇಳಿಯಬಿಟ್ಟಿರುವ ಕುಶಲತೆಯನ್ನು ಕಂಡರೆ, ಕಲ್ಲಿಗೂ ಕನ್ನಡತಿಯ ಕೈಗೂ ಏನೋ ನಂಟಿರಬೇಕೆನ್ನಿಸುವುದು. ಹದಿನಾಡಿನ ಪಾಳೆಯಗಾರರು ಈ ಊರನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದರು. ೧೬೭೩ರಲ್ಲಿ ಮೈಸೂರಿನ ಸಿಂಹಾಸನವನ್ನೇರಿದ ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ಜೈನವಿದ್ವಾಂಸ ವಿಶಾಲಾಕ್ಷ ಪಂಡಿತನೂ ಯಳಂದೂರಿನವನೇ.

ಚಿಕ್ಕದೇವರಾಜರಿಗೆ ‘ನವಕೋಟಿನಾರಾಯಣ’ನೆಂದು ಬಿರುದು. ಒಂಬತ್ತು ಕೋಟಿ ವರಹಗಳ ಒಡೆಯನೆಂದು ಅದರ ಅಭಿಪ್ರಾಯ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು ಈ ದೇಶದ ಚರಿತ್ರೆಯನ್ನು ಬರೆದ ವಿಲ್ಕ್ಸ್ ಎಂಬುವನು ಹೇಳುವ ಪ್ರಕಾರ, ಸೀಮೆಗಳಿಂದ ಬಂದ ಹಣದಲ್ಲಿ ಎರಡು ಸಾವಿರ ವರಹಗಳು ಬೊಕ್ಕಸಕ್ಕೆ ಬೀಳುವವರೆಗೆ ಅರಸರು ಬೆಳಗಿನ ಆಹಾರವನ್ನು ಮುಟ್ಟುತ್ತಿರಲಿಲ್ಲ. ಅರಸರು ಉಪವಾಸವಿದ್ದದ್ದು ಒಂದು ಜಾವವಾಗಿರಬಹುದು. ಆ ಎರಡು ಸಾವಿರವನ್ನು ತೆತ್ತವರ ಉಪವಾಸದ ಲೆಕ್ಕವನ್ನು ಇಟ್ಟವರಿಲ್ಲ. ಕಂದಾಯದ ಹೊರೆಯನ್ನು ತಾಳಲಾರದೆ ಒಕ್ಕಲಿಗರು ಪ್ರತಿಭಟಿಸಿದರೆಂದೂ, ಉಳುಮೆಯನ್ನು ನಿಲ್ಲಿಸಿ, ಊರಬಾಗಿಲಿನ ಮರಗಳಿಗೆ ನೇಗಿಲುಗಳನ್ನು ತಲೆಕೆಳಗಾಗಿ ತೂಗುಹಾಕಿದರೆಂದೂ, ಆ ಪ್ರತಿಭಟನೆಯನ್ನು ಕ್ರೂರವಾಗಿ ಅಡಗಿಸಲಾಯಿತೆಂದೂ ವಿಲ್ಕ್ಸನು ಬರೆದಿರುವನು. ವಿಶಾಲಾಕ್ಷ ಪಂಡಿತನು ಆ ದ್ವೇಷಕ್ಕೆ ಸಿಕ್ಕಿ ಕೊಲೆಯಾದನೆಂದೂ ಅವನೇ ತಿಳಿಸುವನು. ಚಿಕ್ಕದೇವರಾಜರ ಆಳಿಕೆಯಲ್ಲಿ ಸಾಹಿತ್ಯವೂ ರಾಜ್ಯವೂ ವೃದ್ಧಿಹೊಂದಿದುವೆಂಬುದು ಎಷ್ಟು ನಿಜವೋ, ಹೊನ್ನಾರು ಹೂಡಬೇಕಾದ ನೇಗಿಲು ಮರಕ್ಕೇರಿತೆಂಬ ಈ ನೆನಪೂ ನಮ್ಮ ಚರಿತ್ರೆಯಲ್ಲಿ ಅಷ್ಟೇ ಭದ್ರವಾಗಿ ಉಳಿದಿರುವುದು.

ಅದಾದ ನೂರು ವರ್ಷಗಳ ಮೇಲೆ, ೧೭೯೯ರಲ್ಲಿ, ಶ್ರೀರಂಗಪಟ್ಟಣ ಬಿದ್ದು ಟಿಪ್ಪುಸುಲ್ತಾನನು ಮಡಿದನು. ಬಾಲಕರಾದ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಹೈದರನಿಗೂ ಟಿಪ್ಪುವಿಗೂ ಸೇವೆ ಸಲ್ಲಿಸಿದ್ದ ಪೂರ್ಣಯ್ಯನವರು ದಿವಾನರಾದರು. ಆಗ ಕಂಪೆನಿಯೊಡನೆ ಆದ ಕೌಲಿನ ಪ್ರಕಾರ ಮೈಸೂರು ಸಂಸ್ಥಾನವು ವರ್ಷವರ್ಷವೂ ಕಂಪೆನಿಗೆ ಕೊಡಬೇಕಾದ ಪೊಗದಿ ಏಳು ಲಕ್ಷ ನಕ್ಷತ್ರ ಪಗೋಡಗಳು. ಅದನ್ನೆಲ್ಲ ಚಿನ್ನದ ನಾಣ್ಯಗಳಲ್ಲಿಯೇ ಸುರಿದು ತೂಗಿದ್ದರೆ ಎರಡು ಸಾವಿರದ ಮುನ್ನೂರು ಕಿಲೋಗ್ರಾಮಿಗೂ ಹೆಚ್ಚಾಗುತ್ತಿತ್ತು. ಪಗೋಡಕ್ಕೆ ಮೂರೂವರೆ ರೂಪಾಯಿಯಂತೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಪೂರ್ಣಯ್ಯನವರು ಕೃಷ್ಣರಾಜರ ಹೆಸರಿನಲ್ಲಿ ಮತ್ತೆ ಶಿವಪಾರ್ವತಿಯರ ವರಹವನ್ನು ಅಚ್ಚು ಹಾಕಿಸಿದರು, ಕೆರೆಕಾಲುವೆಗಳನ್ನು ದುರಸ್ತಿ ಮಾಡಿಸಿದರು, ಕಂತನ್ನು ತಪ್ಪಿಸಲಿಲ್ಲ. ಅವರ ಸೇವೆಗೆ ಬಹುಮಾನವಾಗಿ ೧೮೦೭ರಲ್ಲಿ ವರ್ಷಕ್ಕೆ ಹತ್ತು ಸಾವಿರ ವರಹಗಳ ಉತ್ಪತ್ತಿಯುಳ್ಳ ಜಹಗೀರು ದೊರೆಯಿತು. ಆ ಜಹಗೀರೇ ಯಳಂದೂರು. ಹೊನ್ನೂರಿನ ಹೆಸರಿಗೂ ಹೊನ್ನಿನ ಲೆಕ್ಕಕ್ಕೂ ಹೀಗೆ ಮತ್ತೊಮ್ಮೆ ಗಂಟುಬಿತ್ತು.

ಇನ್ನೊಂದು ವಿಶೇಷವನ್ನೂ ಹೇಳಬೇಕು. ಯಳಂದೂರಿಗೆ ಸಮೀಪದಲ್ಲಿಯೇ ಇರುವ ಕೊಳ್ಳೇಗಾಲವು ೧೭೯೯ರಲ್ಲಿ ಕಂಪೆನಿಯ ಕೈಸೇರಿ, ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. ಒಂದೇ ಮಾತನ್ನಾಡುವ, ಒಂದೇ ದೇವರಿಗೆ ಹರಕೆ ಹೊರುವ, ಹೆಣ್ಣು ಕೊಟ್ಟು ತರುವ ಜನರ ನಡುವೆ ಗಡಿಯ ಗೆರೆಯೊಂದು ಬಿದ್ದಿತು. ಈಚೆಯ ಒಕ್ಕಲಿಗನು ತೆತ್ತ ಕಂದಾಯ ಮೈಸೂರಿನ ವರಹವಾಗಿಯೂ, ಆಚೆಯವನು ತೆತ್ತದ್ದು ಮದರಾಸಿನ ಪಗೋಡವಾಗಿಯೂ ಲೆಕ್ಕಕ್ಕೆ ಹತ್ತಿತು. ಈಚೆಯದರಲ್ಲಿಯೂ ಏಳು ಲಕ್ಷ ಪೊಗದಿಯ ಹೆಸರಿನಲ್ಲಿ ಆಚೆಗೆ ಹೋಯಿತು. ಆ ಗೆರೆ ಅಳಿಸಿಹೋದದ್ದು ೧೯೫೬ರಲ್ಲಿ, ಕನ್ನಡನಾಡು ಒಂದಾದಾಗ. ಇಂದು ಎರಡೂ ಚಾಮರಾಜನಗರ ಜಿಲ್ಲೆಗೆ ಸೇರಿರುವುವು.

ಪಗೋಡವೆಂಬ ನಾಣ್ಯದ ಆಯುಸ್ಸು ಈ ಗಡಿಯಷ್ಟು ದೀರ್ಘವಾಗಿರಲಿಲ್ಲ. ಅದರ ಕೊನೆಗಾಲದಲ್ಲಿ ಒಂದು ಕೌತುಕ ನಡೆಯಿತು. ೧೮೦೭ರ ಬಳಿಕ ಮದರಾಸಿನ ಟಂಕಸಾಲೆಯಲ್ಲಿ ಯಂತ್ರದಿಂದ ಅಚ್ಚಾದ ಹೊಸ ಪಗೋಡಗಳ ಒಂದು ಮುಖದ ಮೇಲೆ ದೇವಾಲಯದ ಗೋಪುರವನ್ನು ಕೆತ್ತಿದರು. ಇನ್ನೊಂದು ಮುಖದಲ್ಲಿ ವಿಷ್ಣು. ಗುಡಿ, ದೇವರು, ಹಣವೆಂಬ ಮೂರು ಅರ್ಥಗಳೂ ಒಂದೇ ಬಿಲ್ಲೆಯ ಮೇಲೆ ಸೇರಿ ನಿಂತುವು. ಶಬ್ದಕ್ಕೆ ತನ್ನ ಪೂರ್ಣಾರ್ಥ ಲಭಿಸಿದ ಸ್ವಲ್ಪ ಕಾಲದಲ್ಲಿಯೇ, ೧೮೧೮ರಲ್ಲಿ, ಮದರಾಸಿನವರು ಪಗೋಡವನ್ನು ಬಿಟ್ಟು ರೂಪಾಯಿಯ ಲೆಕ್ಕವನ್ನು ಹಿಡಿದರು. ನೂರು ಪಗೋಡಕ್ಕೆ ಮುನ್ನೂರೈವತ್ತು ರೂಪಾಯಿಯೆಂದು ನಿಷ್ಕರ್ಷೆಯಾಯಿತು. ನಾಣ್ಯ ಹೋದರೂ ಅದರ ನೆರಳು ಹೋಗಲಿಲ್ಲ. ಮೈಸೂರಿನ ಪೊಗದಿ ಅದೇ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯಾಗಿ ಮುಂದುವರಿಯಿತು. ೧೮೮೧ರಲ್ಲಿ ರಾಜ್ಯವನ್ನು ಅರಸರಿಗೆ ಮರಳಿ ಕೊಟ್ಟಾಗ ಅದನ್ನು ಮೂವತ್ತೈದು ಲಕ್ಷಕ್ಕೆ ಏರಿಸಲು ಗೊತ್ತುಮಾಡಿದರು. ೧೯೨೭ರಲ್ಲಿ ಮತ್ತೆ ಇಪ್ಪತ್ತನಾಲ್ಕೂವರೆ ಲಕ್ಷಕ್ಕೆ ಇಳಿಸಿದರು. ಸತ್ತು ನೂರು ವರ್ಷವಾಗಿದ್ದ ನಾಣ್ಯದ ಏಳು ಲಕ್ಷವನ್ನು ಮೈಸೂರಿನ ಪ್ರಜೆಗಳು ಬೇರೆ ಹೆಸರಿನಲ್ಲಿ ತೆರುತ್ತಲೇ ಇದ್ದರು.

ಇಂಗ್ಲಿಷಿನಲ್ಲಿ ಈ ನಾಣ್ಯ ಬಿಟ್ಟುಹೋದ ಇನ್ನೊಂದು ಗುರುತುಂಟು. ಬೇಗ ಬೇಗನೆ ಹಣ ಮಾಡಿಕೊಂಡು ಸ್ವದೇಶಕ್ಕೆ ಮರಳುವುದಕ್ಕಾಗಿ ಇಂಡಿಯಾ ದೇಶಕ್ಕೆ ಬರುವವರನ್ನು ಕುರಿತು, ‘ಪಗೋಡದ ಮರವನ್ನು ಅಲ್ಲಾಡಿಸುವವರು’ ಎಂದು ಅವರು ಹೇಳುತ್ತಿದ್ದರು. ಈ ದೇಶದಲ್ಲಿ ವರಹಗಳು ಮರದಲ್ಲಿ ಕಾಯುವುವು. ಕೊಂಬೆಯನ್ನು ಹಿಡಿದು ಕುಲುಕಿದರೆ ಉದುರುವುವು. ಬಾಗಿ ಆಯ್ದುಕೊಂಡರಾಯಿತು ಎಂಬುದು ಆ ಮಾತಿನ ಧ್ವನಿ. ಮಾತೇನೋ ಚಮತ್ಕಾರವಾಗಿರುವುದು. ಆದರೆ ಆ ಮರಕ್ಕೆ ನೀರೆರೆದವರು ಯಾರು? ನಮ್ಮ ನಾಡಿನಲ್ಲಿ ಊರಬಾಗಿಲಿನ ಮರದಲ್ಲಿ ಒಂದು ಕಾಲಕ್ಕೆ ತೂಗಿದ್ದು ಪಗೋಡವಲ್ಲ, ನೇಗಿಲು. ಅರಸನು ನಮ್ಮವನಾಗಲಿ ಹೊರಗಿನವನಾಗಲಿ, ಮರವನ್ನು ಕುಲುಕುವ ಕೈ ಒಂದಾದರೆ ಬೇರಿಗೆ ಬೆವರು ಸುರಿಸುವ ಮೈ ಇನ್ನೊಂದು. ನಿಘಂಟುಗಳು ಪಗೋಡದ ಅರ್ಥವನ್ನು ಬರೆಯುವಾಗ ಈ ಎರಡನೆಯವನ ಹೆಸರನ್ನು ಬರೆಯುವುದಿಲ್ಲ. ಅವನ ಮಾತಿನಲ್ಲಿ ಉಳಿದಿರುವುದು ಹೊನ್ನಾರು, ಹೊನ್ನುಹೊಳೆ, ಹೊನ್ನೂರು ಎಂಬ ಇಂಥ ಹೆಸರುಗಳು ಮಾತ್ರ.

ಗೃಹಸ್ಥರಾದ ವಾಚಕರಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಮನೆಯ ಮಕ್ಕಳು ಇಂಗ್ಲಿಷು ಪಾಠದಲ್ಲಿ ಪಗೋಡವೆಂಬ ಶಬ್ದವನ್ನು ಕಂಡು ಅರ್ಥ ಕೇಳಿದರೆ, ಬೌದ್ಧ ದೇವಾಲಯವೆಂದು ಹೇಳಿ ಪುಸ್ತಕವನ್ನು ಮುಚ್ಚಬೇಡಿ. ಮನೆಯಲ್ಲಿ ಕಾಸಿನ ಸರವಿದ್ದರೆ ತೆಗೆದು ತೋರಿಸಿ. ವಸ್ತುಸಂಗ್ರಹಾಲಯಕ್ಕೆ ಹೋದಾಗ ವರಹವನ್ನೂ ಹಣವನ್ನೂ ಬೆರಳಿಟ್ಟು ಗುರುತಿಸಿ ಹೇಳಿ. ಅಜ್ಜಿಯರನ್ನು ಕೇಳಿ, ಹಾಗ ವೀಸಗಳ ನೆನಪು ಅವರ ಮಾತಿನಲ್ಲಿ ಎಲ್ಲಿಯಾದರೂ ಅಡಗಿದ್ದೀತು. ಶಬ್ದಗಳು ಪರದೇಶಕ್ಕೆ ಹೋ��ಿ, ವೇಷ ಮರೆಸಿಕೊಂಡು, ಪರಕೀಯರಂತೆ ನಮ್ಮ ಬಾಗಿಲಿಗೆ ಮರಳಿ ಬರುವುದುಂಟು. ಅವು ನಮ್ಮ ನೆಂಟರೆಂದು ಗುರುತಿಸಿದರೆ ಪರಭಾಷೆಯನ್ನು ಕಲಿಯುವ ಮಗುವಿಗೆ ಅಂಜಿಕೆ ಹೋಗುವುದು, ತನ್ನ ಭಾಷೆಯ ಮೇಲೆ ಗೌರವವೂ ಹುಟ್ಟುವುದು.

ಬಿಳಿಗಿರಿರಂಗನ ದರ್ಶನಕ್ಕೆ ಹೋಗುವ ಯಾತ್ರಿಕರು ವರ್ಷಕ್ಕೆ ಸಾವಿರಗಟ್ಟಳೆ ಈ ಸೀಮೆಯನ್ನು ಹಾದು ಹೋಗುವರು. ಅವರಲ್ಲಿ ಬಹು ಮಂದಿಯ ಕಣ್ಣು ಬೆಟ್ಟದ ಮೇಲೆಯೇ ನೆಟ್ಟಿರುವುದು, ಅದು ಸಹಜ. ಆದರೂ ಹೊನ್ನೂರೆಂದು ಬರೆದ ಹಲಗೆ ಕಣ್ಣಿಗೆ ಬಿದ್ದಾಗ ಒಂದು ಕ್ಷಣ ಬಯಲಿನ ಕಡೆಗೆ ತಿರುಗಿ ನೋಡಬೇಕೆಂದು ನಮ್ಮ ಬಿನ್ನಹ. ಅಲ್ಲಿ ಉಳುತ್ತಿರುವವನ ಹೊಲದಲ್ಲಿ ಗೋಪುರವೂ ಇಲ್ಲ, ನಕ್ಷತ್ರದ ಮುದ್ರೆಯೂ ಇಲ್ಲ. ಆದರೆ ಜಗತ್ತಿನ ನಿಘಂಟುಗಳಲ್ಲಿ ಪಗೋಡವೆಂದು ಹೆಸರಾದ ಆ ಹೊನ್ನು ಮೊಳೆತದ್ದು ಅಂಥ ಹೊಲಗಳಲ್ಲಿ.